ಕಜ್ಜಿ ಯಾರ ಮನೆಯದು?

ವಾರ್ಕಾ ಮೆಡಾ ಊರಿನ ಶಾಲೆಯಲ್ಲಿ ಆ ವರ್ಷ ಪಾಠಕ್ಕಿಂತ ತುರಿಕೆಯೇ ಜೋರಾಗಿತ್ತು. ಇಬ್ಬರು ಕೂರುವ ಬೆಂಚಿನಲ್ಲಿ ಐದು ಮಕ್ಕಳು ಒತ್ತಿಕೊಂಡು ಕೂರುವ ಶಾಲೆ ಅದು. ಒಬ್ಬ ಬೆರಳ ಸಂದಿ ಕೆರೆದುಕೊಂಡರೆ ಪಕ್ಕದವಳು ಸೊಂಟ ಕೆರೆದುಕೊಳ್ಳುವಳು. ತಾರೆಕೆ ಮೇಷ್ಟ್ರು ಕರಿಹಲಗೆಯತ್ತ ತಿರುಗಿದರೆ ಸಾಕು, ಬೆನ್ನ ಹಿಂದೆ ಕರಕರ ಸದ್ದು. ಬಾರ್ಲಿ ಚೀಲಕ್ಕೆ ಇಲಿ ಬಿದ್ದ ಹಾಗೆ.

ಇದೆಲ್ಲ ಎಲ್ಲಿಂದ ಬಂತು ಎಂಬುದು ಬೋಸೆನಾಗೆ ಚೆನ್ನಾಗಿ ಗೊತ್ತಿತ್ತು. ಹಾಗೆಂದು ಅವಳು ನಂಬಿದ್ದಳು.

"ಶಾಶಿತು ಅಜ್ಜಿ ಮನೆಯಿಂದ. ಇನ್ನೆಲ್ಲಿಂದ ಬರುತ್ತೆ?" ಅವಳು ಬಾಣಲೆಯಲ್ಲಿ ಕಾಫಿ ಬೀಜ ಹುರಿಯುತ್ತ ನೆರೆಮನೆಯ ಮಾಂತೆಗೆ ಹೇಳಿದಳು. "ಆ ಮುದುಕಿಗೆ ಕಣ್ಣು ಕಾಣಲ್ಲ. ಮೊಮ್ಮಗಳು ಕಾಸಾಯೆ ಮೀಯೋದು ಹಬ್ಬಕ್ಕೊಂದು ಸಲ. ಅವಳ ಕೈ ನೋಡಿದೀಯಾ? ಬೆರಳ ಸಂದಿ ತುಂಬ ಗುಳ್ಳೆ. ಥೂ!"

"ಪಾಪ ಕಣೆ, ತಾಯಿ ಇಲ್ಲದ ಮಗು."

"ಪಾಪ ಅನ್ನಿಸಿದ್ರೆ ಮಡಿಲಲ್ಲಿ ಕೂರಿಸ್ಕೋ. ನಾಳೆ ನಿನ್ನ ಮಕ್ಕಳು ಕೆರ್ಕೊಂಡು ಅಳುವಾಗ ನನ್ನ ಹತ್ರ ಬಂದು ಗೋಳಾಡಬೇಡ."

ಮೂಲೆಯಲ್ಲಿ ಹತ್ತಿ ನೂಲುತ್ತಿದ್ದ ಬೋಸೆನಾಳ ಅತ್ತೆ ವುದೆ ತಲೆಯಾಡಿಸಿದಳು. "ನನ್ನ ಸೊಸೆ ನೆಲ ಸಾರಿಸಿದ್ರೆ ಅದರ ಮೇಲೆ ಇಂಜೆರಾ ರೊಟ್ಟಿ ಹಾಕ್ಕೊಂಡು ತಿನ್ನಬಹುದು. ಶುಚಿ ಇರೋ ಮನೆಗೆ ಎಂಥ ಕಜ್ಜಿ!"

ಆ ಮಾತು ಕೇಳಿ ಬೋಸೆನಾಗೆ ಎದೆ ಉಬ್ಬಿತು. ಆದರೆ ಅದೇ ಹೊತ್ತಿಗೆ ಹೊರಗೆ ಆಡುತ್ತಿದ್ದ ಮಗಳು ತಿರಿಂಗೊ ಬಾಗಿಲ ಚೌಕಟ್ಟಿಗೆ ಬೆನ್ನು ತಿಕ್ಕುತ್ತ ನಿಂತಿದ್ದಳು, ದನ ಮರಕ್ಕೆ ಮೈ ತಿಕ್ಕುವ ಹಾಗೆ. ಬೋಸೆನಾ ಅವಳತ್ತ ಕಣ್ಣು ಬಿಟ್ಟಳು. ಹುಡುಗಿ ಓಡಿಹೋದಳು. ಮಾಂತೆ ಕಂಡಳೋ ಇಲ್ಲವೋ, ಮುಸುಕು ಸರಿಪಡಿಸಿಕೊಂಡು ಎದ್ದಳು.

ಮುಂದಿನ ವಾರ ಶಾಲೆಯ ಅಂಗಳದಲ್ಲಿ ತಾಯಿತಂದೆಯರ ಸಭೆ ಸೇರಿತು. ಎದ್ದು ನಿಂತವಳು ಬೋಸೆನಾ.

"ಮೇಷ್ಟ್ರೇ, ಆ ಕಾಸಾಯೆಯನ್ನ ನಮ್ಮ ಮಕ್ಕಳ ಪಕ್ಕ ಕೂರಿಸಬೇಡಿ. ಅವಳು ಒಳಗಿದ್ರೆ ನನ್ನ ಮಗಳು ಮನೇಲಿರ್ತಾಳೆ. ನನ್ನ ಮಗಳೊಬ್ಬಳೇ ಅಲ್ಲ, ಬಹಳ ಜನ ಮನೇಲಿರ್ತಾರೆ."

ತಾರೆಕೆ ಮೇಷ್ಟ್ರಿಗೆ ಜಗಳ ಎಂದರೆ ಆಗದು. "ಸರಿ, ಸದ್ಯಕ್ಕೆ ಹೊರಗೆ ಕೂತ್ಕೊಳ್ಳಲಿ. ಕಿಟಕಿ ಹತ್ರ ಕೂತ್ರೆ ಪಾಠ ಕೇಳಿಸುತ್ತೆ" ಎಂದು ಕೈ ತೊಳೆದುಕೊಂಡರು.

ಅಂದಿನಿಂದ ಕಾಸಾಯೆ ಕಿಟಕಿಯ ಹೊರಗೆ, ಕಲ್ಲಿನ ಮೇಲೆ. ಒಳಗೆ ಮಕ್ಕಳು ಅಕ್ಷರ ಕೂಗಿದಾಗ ಅವಳೂ ಅಲ್ಲಿಂದಲೇ ಕೂಗುತ್ತಿದ್ದಳು. ಅವಳ ದನಿ ಒಂದು ಗಳಿಗೆ ತಡವಾಗಿ ಕೇಳುತ್ತಿತ್ತು. ತಿರಿಂಗೊ ಅವಳ ಬೆಂಚಿನ ಗೆಳತಿ. ಒಂದೆರಡು ದಿನ ಅವಳು ಕಿಟಕಿಯಿಂದ ಕೈ ಚಾಚಿ ಗೆಳತಿಯ ಕೈ ಹಿಡಿದುಕೊಂಡಳು. ಯಾರೋ ಚಾಡಿ ಹೇಳಿದರು. ಬೋಸೆನಾ ಮಗಳಿಗೆ ಎರಡೇಟು ಬಿಗಿದಳು.

ಮನೆಯಲ್ಲಿ ಮಾತ್ರ ಕಥೆ ಬೇರೆ ಇತ್ತು. ಅದು ಎತ್ತರದ ಚಳಿ ನಾಡು. ಬೋಸೆನಾ, ಗಂಡ ಯಿರ್ಗಾ, ತಿರಿಂಗೊ, ಮೊಲೆ ಕುಡಿಯುವ ಕೂಸು ಗೇತೆ, ಅತ್ತೆ ವುದೆ, ಎಲ್ಲರೂ ಸಾಲಾಗಿ ಒತ್ತಿಕೊಂಡು ಒಂದೇ ದಪ್ಪ ಗಾಬಿ ಹೊದ್ದು ಮಲಗುತ್ತಿದ್ದರು. ಹೊದಿಕೆ ಬೆಚ್ಚಗಾದದ್ದೇ ತಡ, ತಿರಿಂಗೊ ಕೆರೆಯಲು ಶುರು. ಕೂಸು ಅಂಗೈ ಅಂಗಾಲು ಉಜ್ಜಿಕೊಂಡು ಚೀರುತ್ತಿತ್ತು.

"ಚಿಗಟ" ಎಂದಳು ಬೋಸೆನಾ. ಮರುವಾರ "ಸೆಕೆ ಗುಳ್ಳೆ" ಎಂದಳು, ಆ ಚಳಿಯಲ್ಲಿ! ಕಜ್ಜಿ ಎಂಬ ಮಾತು ಮಾತ್ರ ಅವಳ ಬಾಯಿಂದ ಹೊರಡಲಿಲ್ಲ. ವುದೆ ಸೀಮೆಎಣ್ಣೆ ತಂದು ಮೊಮ್ಮಗಳ ಕೈಗೆ ತಿಕ್ಕಿದಳು. ಹುಡುಗಿ ಉರಿ ತಾಳಲಾರದೆ ಅಂಗಳ ತುಂಬ ಓಡಾಡಿ ಅತ್ತಳು. ಚರ್ಮ ಸುಲಿಯಿತು. ಕೆರೆದು ಕೆರೆದು ಗಾಯವಾಯಿತು, ಗಾಯದಲ್ಲಿ ಕೀವು ತುಂಬಿತು. ಬೋಸೆನಾ ಮಗಳಿಗೆ ಬೆರಳ ತುದಿಯವರೆಗೂ ಬರುವ ತೋಳಿನ ಸ್ವೆಟರು ತೊಡಿಸಿ ಶಾಲೆಗೆ ಕಳಿಸಿದಳು.

"ಯಾರಾದ್ರೂ ಕೇಳಿದ್ರೆ ಚಳಿ ಅನ್ನು."

ಒಂದು ದಿನ ಆರೋಗ್ಯ ಕಾರ್ಯಕರ್ತೆ ಬಾಂಚಿ ಬಂದಳು. ಪಕ್ಕದ ಬೆಟ್ಟದೂರಿನ ಹುಡುಗಿ, ಹತ್ತು ಮನೆಗೆ ಕೇಳುವ ಹಾಗೆ ನಗುವವಳು.

"ಬೋಸೆನಕ್ಕ, ಮಕ್ಕಳ ಕೈ ಸ್ವಲ್ಪ ತೋರಿಸು. ಶಾಲೆ ತುಂಬ ಕಜ್ಜಿ ಹರಡಿದೆ."

"ನಮ್ಮ ಮನೇಲಿ ಅದೆಲ್ಲ ಇಲ್ಲ. ಶಾಶಿತು ಅಜ್ಜಿ ಮನೆಗೆ ಹೋಗು."

"ಅಲ್ಲಿಂದಲೇ ಬಂದೆ. ಅಜ್ಜಿಗೂ ಮೊಮ್ಮಗಳಿಗೂ ಔಷಧಿ ಹಚ್ಚಿ ಆಯ್ತು. ಕಾಸಾಯೆ ನಾಳೆಯಿಂದ ಒಳಗೆ ಕೂರಬಹುದು. ಆದ್ರೆ ಮಿಕ್ಕ ಮನೆಗಳೂ ಹಚ್ಚಿಕೊಳ್ಳದಿದ್ರೆ ಅವಳಿಗೆ ಮತ್ತೆ ಬರುತ್ತೆ."

"ಮಿಕ್ಕ ಮನೆ ಅಂದ್ರೆ? ನನ್ನ ಮನೇನೂ ಸೇರಿಸ್ತಿದೀಯಾ? ನೋಡು ಈ ನೆಲ! ಇಲ್ಲಿ ಹುಳ ಕಾಣ್ತಿದೆಯಾ ನಿನಗೆ?"

"ಕಜ್ಜಿ ಹುಳ ನೆಲ ನೋಡಲ್ಲ ಅಕ್ಕ, ಮೈ ನೋಡುತ್ತೆ. ಬೆಚ್ಚಗಿನ ಚರ್ಮ ಸಿಕ್ರೆ ಸಾಕು, ದೊರೆ ಮನೇನೂ ಒಂದೇ ದನ ಕಾಯೋನ ಮನೇನೂ ಒಂದೇ."

"ನೀರು ಬಿಸಿ ಇದೆ, ಕಾಲಿನ ಮೇಲೆ ಬೀಳುತ್ತೆ. ಹೋಗು ಅತ್ಲಾಗೆ" ಎಂದು ಬೋಸೆನಾ ಬಾಗಿಲು ದೂಡಿ ಮುಚ್ಚಿದಳು. ತಿರಿಂಗೊ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು ಒಳಗೇ ನಿಂತಿದ್ದಳು. ಕಾಸಾಯೆಯನ್ನು ಒಳಗೆ ಸೇರಿಸಲು ಮೇಷ್ಟ್ರು ಮನಸ್ಸು ಮಾಡಿದಾಗಲೂ ಬೋಸೆನಾ ಶಾಲೆಯವರೆಗೆ ಹೋಗಿ ಕೂಗಾಡಿ ಬಂದಳು. ಕೆಲವು ದಿನಗಳಲ್ಲಿ ಆ ಕಲ್ಲೂ ಖಾಲಿಯಾಯಿತು. ಕಾಸಾಯೆ ಬರುವುದನ್ನೇ ಬಿಟ್ಟಳು.

ಆಮೇಲೆ ಬಂತು ಆ ಬೆಳಗ್ಗೆ.

ಬೋಸೆನಾ ಒಲೆ ಹಚ್ಚಿ, "ಏಳೇ ತಿರಿಂಗೊ" ಎಂದು ಗಾಬಿ ಸರಿಸಿದಳು. ಸರಿಸಿದವಳು ಹಾಗೇ ನಿಂತುಬಿಟ್ಟಳು.

ಮಲಗಿದ್ದ ಮಗುವಿನ ಮುಖ ಅವಳ ಮಗಳದಾಗಿರಲಿಲ್ಲ. ಕೆನ್ನೆ ಹುದುಗಿದ ಹಿಟ್ಟಿನಂತೆ ಉಬ್ಬಿತ್ತು. ಕಣ್ಣುಗಳ ಜಾಗದಲ್ಲಿ ಎರಡು ಗೆರೆಗಳಿದ್ದವು ಅಷ್ಟೆ. ತುಟಿ ದಪ್ಪಗಾಗಿ ಹೊರಳಿತ್ತು.

"ಅಮ್ಮಾ, ತಲೆ ನೋಯುತ್ತೆ" ಎಂದಿತು ಆ ಮುಖ, ತಿರಿಂಗೊಳ ದನಿಯಲ್ಲಿ.

ಬೋಸೆನಾಳ ಕೈಯಿಂದ ಕೊಳ್ಳಿ ಜಾರಿತು. ಮಗಳನ್ನು ಎತ್ತಿಕೊಂಡು ಹಿತ್ತಲಿಗೆ ಹೋಗಿ ಉಚ್ಚೆಗೆ ಕೂರಿಸಿದಳು. ಸ್ವಲ್ಪವೇ ಬಂತು. ಬಂದದ್ದು ಗಸಿ ಕಲಕಿದ ಕಾಫಿಯ ಬಣ್ಣದ್ದು. ಬಿಳಿ ಮಣ್ಣಿನ ಮೇಲೆ ಅದು ಕಂದಾಗಿ ಹರಿದದ್ದನ್ನು ನೋಡುತ್ತ ಬೋಸೆನಾಗೆ ಕೂಗಬೇಕೆನಿಸಿತು. 

ಕೂಗಿದವಳು ವುದೆ. "ದೃಷ್ಟಿ! ಯಾರೋ ಕಣ್ಣು ಹಾಕಿದಾರೆ! ಶಾಶಿತು ಮೊಮ್ಮಗಳದೇ ಕಣ್ಣು. ಹೊರಗೆ ಕೂರಿಸಿದ ಹೊಟ್ಟೆಕಿಚ್ಚಿಗೆ ಕಿಟಕಿಯಿಂದ ನೋಡಿ ನೋಡಿ ನಮ್ಮ ಮಗೂನ ತಿಂದುಬಿಟ್ಟಳು!"

ಯಿರ್ಗಾ ಎದ್ದ. ಮೂಲೆಯಲ್ಲಿದ್ದ ದೊಣ್ಣೆ ತೆಗೆದುಕೊಂಡು ಹೊರಟ. ಬೋಸೆನಾ ಮಗಳನ್ನು ಅತ್ತೆಯ ಮಡಿಲಿಗೆ ಹಾಕಿ ಅವನ ಹಿಂದೆ ಓಡಿದಳು. ತಡೆಯಲು ಓಡಿದಳೋ, ಜೊತೆಗೂಡಲು ಓಡಿದಳೋ, ಅವಳಿಗೇ ತಿಳಿಯದು.

ಊರ ಕೊನೆಯ ಗುಡಿಸಲಿನ ಮುಂದೆ ಕಾಸಾಯೆ ಮೊರದಲ್ಲಿ ಬೇಳೆ ಆರಿಸುತ್ತಿದ್ದಳು.

"ಏಯ್! ನಿನ್ನ ಕಣ್ಣು ನನ್ನ ಮಗಳನ್ನ ತಿಂತು! ಈಗ ಬಿಡಿಸು! ಬಿಡಿಸದಿದ್ರೆ ಆ ಕಣ್ಣನ್ನೇ ಒಡೀತೀನಿ!" ಯಿರ್ಗಾ ದೊಣ್ಣೆ ಎತ್ತಿದ.

ಒಳಗಿಂದ ಶಾಶಿತು ಅಜ್ಜಿ ಗೋಡೆ ತಡವುತ್ತ ಬಂದಳು. ಮೊಮ್ಮಗಳ ಭುಜ ಸಿಕ್ಕಿತು. ಅವಳನ್ನು ಬೆನ್ನ ಹಿಂದೆ ಎಳೆದುಕೊಂಡಳು.

"ಹೊಡಿ ಯಿರ್ಗಾ. ನೀನೆಲ್ಲಿದೀಯಾ ಅಂತ ನನಗೆ ಕಾಣಲ್ಲ. ನಾನೆಲ್ಲಿದೀನಿ ಅಂತ ನಿನಗೆ ಕಾಣುತ್ತಲ್ಲ."

ದೊಣ್ಣೆ ಬಿತ್ತು. ಅಜ್ಜಿಯ ಮೇಲಲ್ಲ, ಪಕ್ಕದ ನೀರಿನ ಗಡಿಗೆಯ ಮೇಲೆ. ಗಡಿಗೆ ಚೂರುಚೂರಾಗಿ ನೀರು ಎಲ್ಲರ ಕಾಲಿಗೂ ಹರಿಯಿತು. ಕಾಸಾಯೆ ಕೈಗಳಿಂದ ಕಣ್ಣು ಮುಚ್ಚಿಕೊಂಡಳು. ಆಗ ಬೋಸೆನಾ ಆ ಕೈಗಳನ್ನು ಕಂಡಳು. ಗುಳ್ಳೆಯಿಲ್ಲ, ಹುಣ್ಣಿಲ್ಲ. ಬೆರಳ ಸಂದಿಗಳಲ್ಲಿ ಹೊಸ ಚರ್ಮ ತೆಳ್ಳಗೆ ಹೊಳೆಯುತ್ತಿತ್ತು.

ಗಲಾಟೆ ಕೇಳಿ ಜನ ಸೇರಿದರು. ಮಾಂತೆ ಓಡಿಹೋಗಿ ಬಾಂಚಿಯನ್ನು ಕರೆತಂದಳು. ಬಾಂಚಿ ಏದುಸಿರು ಬಿಡುತ್ತ, "ಏನಾಯ್ತು ಮಗೂಗೆ?" ಎಂದಳು.

"ಮುಖ ಊದಿದೆ" ಎಂದಳು ಬೋಸೆನಾ. "ಗುರುತೇ ಸಿಗಲ್ಲ."

"ಉಚ್ಚೆ? ಯಾವ ಬಣ್ಣ ಇದೆ?"

ಇದೆಂಥ ಪ್ರಶ್ನೆ ಎನಿಸಿತು ಬೋಸೆನಾಗೆ. "ಕಾಫಿ ಬಣ್ಣ."

ಬಾಂಚಿಯ ನಗೆಮುಖದಿಂದ ರಕ್ತವೇ ಇಳಿದುಹೋಯಿತು. 

"ಯಿರ್ಗಾ, ದೃಷ್ಟಿನೂ ಇಲ್ಲ ಮಣ್ಣೂ ಇಲ್ಲ. ಆ ದೊಣ್ಣೆಗೆ ಕಂಬಳಿ ಕಟ್ಟು, ಇನ್ನೊಂದು ಗಳ ತಾ. ಮಗೂನ ಈಗಲೇ ಆಸ್ಪತ್ರೆಗೆ ಹೊರಬೇಕು. ಊಟ ಕಟ್ಟೋದು ಬೇಡ, ತಾಯತ ತರೋದು ಬೇಡ. ಓಡು!"

ನಾಲ್ಕು ಜನ ಹೊತ್ತರು. ಇಳಿಜಾರಿನ ದಾರಿಯಲ್ಲಿ, ರಸ್ತೆ ಇನ್ನೂ ದೂರವಿದ್ದಾಗ, ತಿರಿಂಗೊಳ ಕೈಕಾಲು ಸೆಟೆದುಕೊಂಡವು. ಬಾಯಲ್ಲಿ ನೊರೆ ಬಂತು. ಇಡೀ ಮೈ ಬಿಲ್ಲಿನಂತೆ ಬಾಗಿ ಅದುರಿತು. ಬಾಂಚಿ ಅವಳನ್ನು ಮಗ್ಗುಲಿಗೆ ಹೊರಳಿಸಿ ಹಿಡಿದುಕೊಂಡಳು. ಬೋಸೆನಾ ಕಲ್ಲುದಾರಿಯಲ್ಲಿ ಮಂಡಿಯೂರಿ ಮಗಳ ಹೆಸರನ್ನೇ ಕರೆದಳು, ಮತ್ತೆ ಮತ್ತೆ ಕರೆದಳು. ಅದುರು ನಿಂತಿತು. ಉಸಿರಿದೆ ಎಂದಳು ಬಾಂಚಿ. ಮತ್ತೆ ಹೊತ್ತರು. ರಸ್ತೆಯಲ್ಲಿ ಒಂದು ಲಾರಿ ನಿಲ್ಲಿಸಿ, ಬೇಳೆ ಮೂಟೆಗಳ ಮೇಲೆ ಮಗುವನ್ನು ಮಲಗಿಸಿ ಪಟ್ಟಣ ಸೇರಿದರು.

ಆಸ್ಪತ್ರೆಯಲ್ಲಿ ವೈದ್ಯ ಸೂಜಿ ಚುಚ್ಚಿದ, ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡ ನೋಡಿದ, ಏನೇನೋ ಹೇಳಿ ದಾದಿಯರನ್ನು ಓಡಾಡಿಸಿದ. ಮಗು ಸ್ವಲ್ಪ ಸುಧಾರಿಸಿದ ಮೇಲೆ ಆ ಉದ್ದ ತೋಳಿನ ಸ್ವೆಟರನ್ನು ಕತ್ತರಿಯಿಂದ ಕತ್ತರಿಸಿ ತೆಗೆದ. ಕೀವು ಒಣಗಿ ಬಟ್ಟೆ ಚರ್ಮಕ್ಕೆ ಅಂಟಿಕೊಂಡಿತ್ತು. ಬಿಡಿಸುವಾಗ ದಾದಿಯೇ ಮುಖ ತಿರುಗಿಸಿದಳು.

"ಇದು ಎಷ್ಟು ದಿನದಿಂದ ಹೀಗಿದೆ?" ವೈದ್ಯ ಕೇಳಿದ.

ಬೋಸೆನಾ ನೆಲ ನೋಡಿದಳು. "ಅದು... ತುರಿಕೆ ಅಷ್ಟೆ. ಅದನ್ನ ಬಿಡಿ ಡಾಕ್ಟ್ರೇ. ಮುಖಕ್ಕೆ ಏನಾಗಿದೆ ಹೇಳಿ."

"ಮುಖಕ್ಕೆ ಆಗಿರೋದೇ ಇದರಿಂದ ತಾಯಿ. ಕಜ್ಜಿ ಹುಳ ಚರ್ಮ ಕೊರೆಯಿತು. ಮಗು ಕೆರೆದು ಗಾಯ ಮಾಡ್ಕೊಂಡ್ತು. ಗಾಯದಲ್ಲಿ ರೋಗಾಣು ಸೇರಿ ಕೀವಾಯ್ತು. ಆ ಕೀವಿನ ಪೆಟ್ಟು ಈಗ ಮೂತ್ರಪಿಂಡಕ್ಕೆ ತಗುಲಿದೆ. ಮೈಯಲ್ಲಿ ನೀರು ನಿಂತಿದೆ, ರಕ್ತದೊತ್ತಡ ಏರಿದೆ. ದಾರೀಲಿ ಸೆಳವು ಬಂದದ್ದೂ ಅದಕ್ಕೇ."

"ತುರಿಕೆಯಿಂದ?" ಬೋಸೆನಾ ಬಾಂಚಿಯ ಮುಖ ನೋಡಿದಳು, ವೈದ್ಯ ತಮಾಷೆ ಮಾಡುತ್ತಿದ್ದಾನೇನೋ ಎಂಬಂತೆ. "ಬರೀ ತುರಿಕೆಯಿಂದ ಮಗು ಸಾಯುತ್ತಾ?"

 ಪಕ್ಕದ ಹಾಸಿಗೆಯ ಹತ್ತಿರ ಒಬ್ಬ ತಾಯಿ ಕೂತಿದ್ದಳು. ಅವಳ ಮಗನ ಕಜ್ಜಿಗೆ ಮನೆಯವರು ಹೊಲಕ್ಕೆ ಸಿಂಪಡಿಸುವ ವಿಷ ಬಳಿದಿದ್ದರಂತೆ. ಆ ಹಾಸಿಗೆ ಖಾಲಿಯಿತ್ತು. ತಾಯಿ ಮಾತ್ರ ಎದ್ದು ಹೋಗದೆ ಅಲ್ಲೇ ಕೂತಿದ್ದಳು. ಬೋಸೆನಾ ಅವಳನ್ನು ನೋಡಿದಳು. ತನ್ನ ಮನೆಯ ಸೀಮೆಎಣ್ಣೆ ಡಬ್ಬ ಕಣ್ಣ ಮುಂದೆ ಬಂತು.

"ನಿನ್ನ ಕೈ ತೋರಿಸು ಅಕ್ಕ" ಎಂದಳು ಬಾಂಚಿ ಮೆಲ್ಲಗೆ.

ಈ ಸಲ ಬೋಸೆನಾ ತೋರಿಸಿದಳು. ಬಾಂಚಿ ಕಿಟಕಿಯ ಬೆಳಕಿಗೆ ಅವಳ ಬೆರಳುಗಳನ್ನು ಅಗಲಿಸಿದಳು. ಸಂದಿಯಲ್ಲಿ ಸಣ್ಣ ಸಣ್ಣ ಬೂದು ಗೆರೆಗಳಿದ್ದವು, ನೂಲಿನ ತುಣುಕು ಚರ್ಮದೊಳಗೆ ಸಿಕ್ಕಿಕೊಂಡ ಹಾಗೆ. "ಹುಳ ಕೊರೆದ ದಾರಿ ಇದು" ಎಂದಳು. ಬೋಸೆನಾ ತನ್ನ ಕೈಯನ್ನು ತಾನೇ ದೂರ ಹಿಡಿದು ನೋಡಿದಳು, ಬೇರೆ ಯಾರದೋ ಕೈ ಎಂಬಂತೆ. ಇದೇ ಕೈಯಿಂದ ಎಷ್ಟು ಜನಕ್ಕೆ ಕಾಫಿ ಕೊಟ್ಟಿದ್ದಳು, ಎಷ್ಟು ಮಕ್ಕಳ ತಲೆ ಬಾಚಿದ್ದಳು!

"ಆ ಹುಡುಗಿ ಕಾಸಾಯೆಯಿಂದ ನಮಗೆಲ್ಲ..." ಎಂದು ಅವಳು ಶುರುಮಾಡಿದಳು.

"ಅಲ್ಲ."

ಅಂದವನು ಯಿರ್ಗಾ. ಗೋಡೆಗೆ ಒರಗಿ ನಿಂತಿದ್ದ. ಅಂಗಿ ಎತ್ತಿದ. ಸೊಂಟದ ಸುತ್ತ, ಹೊಕ್ಕಳ ಸುತ್ತ, ಹಳೆಯ ಕಪ್ಪು ಕಲೆಗಳು. ಅವುಗಳ ಮೇಲೆ ಹೊಸ ಕೆಂಪು ಗುಳ್ಳೆಗಳು.

"ಎಳ್ಳು ಕೊಯ್ಲಿಗೆ ಹೋದಾಗ ಹತ್ತಿದ್ದು. ತಗಡಿನ ಶೆಡ್ಡಿನಲ್ಲಿ ಕುರಿ ಹಿಂಡಿನ ಹಾಗೆ ಮಲಗ್ತಿದ್ವಿ. ಎಲ್ಲರಿಗೂ ಇತ್ತು. ಊರಿಗೆ ಬಂದ ಮೇಲೆ ತಿರಿಂಗೊಗೆ ಶುರುವಾಯ್ತು. ಕಾಸಾಯೆಗೆ ಆಮೇಲೆ. ನನಗೆ ಗೊತ್ತಿತ್ತು."

ಬೋಸೆನಾ ಅವನತ್ತ ತಿರುಗಿದಳು. "ಗೊತ್ತಿತ್ತಾ? ಗೊತ್ತಿದ್ದೂ ಬೆಳಗ್ಗೆ ದೊಣ್ಣೆ ತಗೊಂಡು ಹೋದ್ಯಾ?"

"ದೃಷ್ಟಿ ಅಂದ್ರಲ್ಲ ಅವ್ವ... ದೃಷ್ಟಿಯೇ ಆಗಿರಲಿ ದೇವರೇ ಅಂತ ಹೋದೆ. ನನ್ನಿಂದ ಆಗದಿರಲಿ ಅಂತ."

"ಮೊದಲೇ ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ?" ಅವನು ಅಂಗಿ ಕೆಳಗೆ ಬಿಟ್ಟ. "ಕಜ್ಜಿ ಕೊಳಕು ಜನಕ್ಕೆ ಬರೋದು ಅಂತ ದಿನಾ ಕಾಫಿ ಹುರೀತಾ ಹೇಳ್ತಿದ್ದವಳು ನೀನೇ ಅಲ್ವಾ?"

ಬೋಸೆನಾ ಅಲ್ಲೇ ನೆಲದ ಮೇಲೆ ಕೂತಳು. ಕಜ್ಜಿ ತನ್ನ ಮನೆಯದು. ತನ್ನ ಮನೆಯಿಂದ ಬೆಂಚಿಗೆ, ಬೆಂಚಿನಿಂದ ಕಾಸಾಯೆಗೆ. ಔಷಧಿ ಹಚ್ಚಿಕೊಂಡು ವಾಸಿಯಾದ ಮಗುವನ್ನು ಹೊರಗೆ ಕಲ್ಲಿನ ಮೇಲೆ ಕೂರಿಸಿ, ಕೀವು ಸುರಿಯುವ ಮಗುವನ್ನು ಒಳಗೆ ಎಲ್ಲರ ನಡುವೆ ಕೂರಿಸಿದ್ದಳು. ಇದನ್ನೆಲ್ಲ ಮಾಡಿದ್ದು ತಾನು. ಶುಚಿಯ ಹೆಸರಿನಲ್ಲಿ.

ತಿರಿಂಗೊ ಸಾಯಲಿಲ್ಲ. ದಿನ ಕಳೆದಂತೆ ಉಚ್ಚೆ ತಿಳಿಯಾಯಿತು, ಊತ ಇಳಿಯಿತು, ಒಂದು ಬೆಳಗ್ಗೆ ದಾದಿಯ ಹತ್ತಿರ ಉಪ್ಪಿಲ್ಲದ ಗಂಜಿಗೆ ಮುಖ ಸಿಂಡರಿಸಿ ಜಗಳ ತೆಗೆದಳು. "ಹೊತ್ತಿಗೆ ಸರಿಯಾಗಿ ತಂದಿರಿ. ಹೆಚ್ಚಿನ ಮಕ್ಕಳು ಹೀಗೆ ಬೇಗ ತಂದ್ರೆ ವಾಸಿಯಾಗ್ತಾರೆ" ಎಂದ ವೈದ್ಯ. "ಆದ್ರೆ ಮೂತ್ರಪಿಂಡ ಪೂರ್ತಿ ಸರಿಹೋಯ್ತಾ ಅಂತ ಆಗಾಗ ಬಂದು ತೋರಿಸ್ಬೇಕು. ಮತ್ತೆ ಕಜ್ಜಿ ಇರೋ ಹೊದಿಕೆಗೇ ವಾಪಸ್ ಕರ್ಕೊಂಡು ಹೋದ್ರೆ ಮತ್ತೆ ಇಲ್ಲಿಗೇ ಬರ್ತೀರಿ."

ಊರಿಗೆ ಮರಳಿದ ಮೊದಲ ದಿನವೇ ಬೋಸೆನಾ ಓಣಿಯ ಹೆಂಗಸರನ್ನೆಲ್ಲ ಕಾಫಿಗೆ ಕರೆದಳು. ತಾರೆಕೆ ಮೇಷ್ಟ್ರೂ ಬಂದರು. ಬಾಂಚಿ ಔಷಧಿ ಬಾಟಲಿಗಳ ಪೆಟ್ಟಿಗೆ ಹೊತ್ತು ತಂದಳು. ಮೊದಲ ಸುತ್ತಿನ ಕಾಫಿ ಬಗ್ಗಿಸುವ ಮುಂಚೆಯೇ ಬೋಸೆನಾ ಎರಡೂ ಕೈ ಮುಂದೆ ಚಾಚಿದಳು.

"ಇಲ್ಲಿ ನೋಡಿ. ಕಜ್ಜಿ ನನ್ನ ಮನೇದು. ಶಾಶಿತು ಅಜ್ಜಿ ಮನೇದಲ್ಲ."

ಹೆಂಗಸರು ಬಗ್ಗಿ ಆ ಬೆರಳುಗಳನ್ನು ನೋಡಿದರು. ಆಮೇಲೆ ಮಾಂತೆ ಮೆಲ್ಲಗೆ ತನ್ನ ಮುಂಗೈ ಮುಸುಕು ಸರಿಸಿದಳು. "ನನ್ನ ಮನೇದೂ ಹೌದು ಕಣೆ. ನೀನು ಬೈತೀಯ ಅಂತ ಬಚ್ಚಿಟ್ಟಿದ್ದೆ." ಆಮೇಲೆ ಇನ್ನೊಬ್ಬಳು. ಮತ್ತೊಬ್ಬಳು. ಊರಿಗೂರೇ ಸೆರಗಿನೊಳಗೆ ಕೆರೆದುಕೊಳ್ಳುತ್ತಿತ್ತು! ಮೇಷ್ಟ್ರು ಕೆಮ್ಮಿ, ತಮ್ಮ ಕಾಲರ್ ಕೆಳಗೆ ಬೆರಳು ತೋರಿಸಿದರು.

"ಹಾಗಿದ್ರೆ ಕೇಳಿ" ಎಂದಳು ಬಾಂಚಿ. "ಇವತ್ತು ನಿಮ್ಮನೆ ನಾಳೆ ಅವರ ಮನೆ ಅಂದ್ರೆ ಆಗಲ್ಲ. ಎಲ್ಲರೂ ಒಂದೇ ದಿನ ಹಚ್ಚಬೇಕು. ಕುತ್ತಿಗೆಯಿಂದ ಅಂಗಾಲಿನವರೆಗೆ, ಬೆರಳ ಸಂದಿ, ಕಂಕುಳು, ತೊಡೆ ಸಂದಿ, ಉಗುರಿನ ಕೆಳಗೆ, ಒಂದು ಚೂರೂ ಬಿಡೋ ಹಾಗಿಲ್ಲ. ಕೂಸುಗಳಿಗೂ ಬಸುರಿಯರಿಗೂ ಬೇರೆ ಲೆಕ್ಕ ಇದೆ, ಅವರಿಗೆ ನಾನೇ ಕೊಡ್ತೀನಿ, ನೀವು ಹಂಚ್ಕೋಬೇಡಿ."

"ನನಗೆ ತುರಿಕೆಯೇ ಇಲ್ಲ, ನನಗ್ಯಾಕೆ?" ಎಂದಳು ವುದೆ. "ಅದರ ವಾಸನೆ ನೋಡು!"

"ಹುಳ ಮೈಗೆ ಹತ್ತಿ ವಾರಗಟ್ಟಲೆ ತುರಿಕೆ ಕಾಣಿಸದೆ ಇರಬಹುದು ಅಜ್ಜಿ. ನಿಮ್ಮೊಬ್ಬರನ್ನ ಬಿಟ್ರೆ, ನಿಮ್ಮ ಗಾಬಿಯಿಂದಲೇ ಮತ್ತೆ ಮೊಮ್ಮಗಳಿಗೆ."

ವುದೆ ಮೊಮ್ಮಗಳತ್ತ ನೋಡಿದಳು. ಎದ್ದು ಪರದೆಯ ಹಿಂದೆ ಹೋದಳು. "ಬಾರೇ ಬಾಂಚಿ, ಹಚ್ಚು" ಎಂಬ ದನಿ ಕೇಳಿತು. ಸ್ವಲ್ಪ ಹೊತ್ತಿಗೆ ಮತ್ತೆ: "ನನ್ನ ಗಂಡನೂ ನೋಡದ ಜಾಗಕ್ಕೆಲ್ಲ ಕೈ ಹಾಕ್ತೀಯಲ್ಲೇ ಹುಡುಗಿ!" ಬಹಳ ದಿನಗಳ ಮೇಲೆ ಆ ಮನೆಯಲ್ಲಿ ಜನ ನಕ್ಕರು.

ಮರುದಿನ ಬೇಲಿಗಳ ಮೇಲೆಲ್ಲ ಬಟ್ಟೆ. ಬಿಸಿನೀರಲ್ಲಿ ಅದ್ದಿ ಒಗೆದು ಸುಡುಬಿಸಿಲಿಗೆ ಹಾಕಿದರು. ಒಗೆಯಲಾಗದ ದಪ್ಪ ಹೊದಿಕೆಗಳನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಒಂದು ವಾರ ಮುಟ್ಟದೆ ಇಟ್ಟರು. ವಾರದ ಮೇಲೆ ಎಲ್ಲರೂ ಮತ್ತೊಮ್ಮೆ ಔಷಧಿ ಹಚ್ಚಿಕೊಂಡರು. ನಡುವೆ ಮಾಂತೆ ಬಂದು, "ಇನ್ನೂ ಸ್ವಲ್ಪ ತುರಿಸುತ್ತೆ, ಔಷಧಿ ಸುಳ್ಳು" ಎಂದು ಗೊಣಗಿದಳು. "ಹುಳ ಸತ್ತ ಮೇಲೂ ಕೆಲವು ವಾರ ತುರಿಸುತ್ತೆ, ಅದಕ್ಕೆ ಹೆದರಬೇಡ" ಎಂದು ಈಗ ಹೇಳಿದವಳು ಬೋಸೆನಾ.

ಶಾಲೆಯ ಸದ್ದು ಅಡಗಿತು. ಆದರೆ ಕಾಸಾಯೆ ಬರಲಿಲ್ಲ. ಮೇಷ್ಟ್ರು ಹೋಗಿ ಬಾಗಿಲಿಂದಲೇ ಕರೆದರು, ಬಾಂಚಿಯೂ ಹಾಗೇ ಕರೆದಳು. ಬರಲಿಲ್ಲ.

ಕೊನೆಗೆ ಬೋಸೆನಾ ಹೊಸ ಗಡಿಗೆಯಲ್ಲಿ ನೀರು ತುಂಬಿ, ಬೆನ್ನಿಗೆ ಕಟ್ಟಿಕೊಂಡು ಊರ ಕೊನೆಗೆ ನಡೆದಳು. ಶಾಶಿತು ಅಜ್ಜಿ ಹೊಸ್ತಿಲಲ್ಲಿ ಕೂತಿದ್ದಳು.

"ಅಜ್ಜಿ, ತಪ್ಪಾಯ್ತು" ಎಂದಳು ಬೋಸೆನಾ.

"ನನ್ನ ಹತ್ರ ಕೇಳಬೇಡ. ನನಗೆ ಬೈಗುಳ ತಿಂದು ರೂಢಿ ಇದೆ. ಒಳಗಿದಾಳೆ, ಅವಳಿಗೆ ಹೇಳು."

ಬೋಸೆನಾ ಬಗ್ಗಿ ಒಳಗೆ ಹೋದಳು. ಕತ್ತಲಿಗೆ ಕಣ್ಣು ಹೊಂದಿಕೊಂಡಿತು. ಮೂಲೆಯಲ್ಲಿ ಕಾಸಾಯೆ ಕೂತಿದ್ದಳು. ಅವಳ ಕಣ್ಣಿಗೆ ಒಂದು ಬಟ್ಟೆ ಕಟ್ಟಿತ್ತು.

"ಏನಾಯ್ತು ಮಗು? ಕಣ್ಣು ನೋವಾ?"

ಹುಡುಗಿ ಗೋಡೆಯ ಕಡೆ ಮುಖ ತಿರುಗಿಸಿದಳು.

"ಆವತ್ತಿಂದ ಕಟ್ಕೊಂಡಿದಾಳೆ" ಎಂದಳು ಅಜ್ಜಿ ಹೊರಗಿನಿಂದ. "ನಾನು ಕುರುಡಿ, ನನಗೆ ಗೊತ್ತೇ ಆಗಿರಲಿಲ್ಲ. ನೀರಿಗೆ ಹೋದವಳು ಎಡವಿ ಬಿದ್ದು ಮಂಡಿ ಒಡ್ಕೊಂಡು ಬಂದಾಗ ಮುಖ ಸವರಿದೆ, ಆಗ ಕೈಗೆ ಸಿಕ್ಕಿತು ಬಟ್ಟೆ."

ಬೋಸೆನಾ ಹತ್ತಿರ ಸರಿದಳು. "ಯಾಕೆ ಮಗು? ಯಾಕೆ?"

 ಗೋಡೆಗೆ ಹೇಳಿದ ಹಾಗೆ ಕಾಸಾಯೆ ಕೇಳಿದಳು: "ತಿರಿಂಗೊ ಸತ್ತುಹೋದಳಾ?"

"ಇಲ್ಲ! ಇಲ್ಲ ನನ್ನ ತಾಯಿ. ಚೆನ್ನಾಗಿದಾಳೆ. ನಿನ್ನನ್ನೇ ಕೇಳ್ತಿದಾಳೆ."

"ನಾನು ಅವಳನ್ನ ಕಿಟಕಿಯಿಂದ ನೋಡ್ತಿದ್ದೆ. ದಿನಾ ನೋಡ್ತಿದ್ದೆ. ತಿನ್ನಬೇಕು ಅಂತ ನೋಡ್ಲಿಲ್ಲ." ಅವಳು ಕಣ್ಣಿನ ಬಟ್ಟೆಯನ್ನು ಇನ್ನೂ ಬಿಗಿಮಾಡಿಕೊಂಡಳು. "ಮತ್ತೆ ಯಾರನ್ನಾದ್ರೂ ನೋಡಿದ್ರೆ, ಅವರೂ..."

ಬೋಸೆನಾ ಮಂಡಿಯೂರಿದಳು.  ಗಂಟು ಬಿಗಿಯಾಗಿತ್ತು, ಹಲ್ಲಿನಿಂದ ಬಿಡಿಸಬೇಕಾಯಿತು. ಬಟ್ಟೆ ಬಿತ್ತು. ಹುಡುಗಿ ಆದರೂ ಕಣ್ಣು ಬಿಗಿಯಾಗಿ ಮುಚ್ಚಿಯೇ ಇದ್ದಳು.

"ನನ್ನನ್ನ ನೋಡು ಕಾಸಾಯೆ."

ಅವಳು ತಲೆಯಲ್ಲಾಡಿಸಿದಳು.

"ನಿನ್ನ ಕಣ್ಣಿಂದ ಏನೂ ಆಗಿಲ್ಲ. ಆಗಿದ್ದು ನನ್ನ ಬಾಯಿಂದ. ನೋಡು ಮಗು. ನಾನು ಇಲ್ಲೇ ಇರ್ತೀನಿ. ಎಷ್ಟು ಹೊತ್ತು ಬೇಕಾದ್ರೂ ನೋಡು."

ಕಾಸಾಯೆ ನಿಧಾನವಾಗಿ ಕಣ್ಣು ತೆರೆದಳು. ಎದುರಿಗಿದ್ದ ಹೆಂಗಸಿನ ಮುಖವನ್ನು ಉಸಿರು ಬಿಗಿಹಿಡಿದು ನೋಡಿದಳು, ಏನಾದರೂ ಆದೀತು ಎಂದು ಕಾಯುತ್ತ. ಬೋಸೆನಾಳ ಕೆನ್ನೆಯ ಮೇಲೆ ನೀರಿಳಿಯಿತು, ಅಷ್ಟೆ. ಬೇರೇನೂ ಆಗಲಿಲ್ಲ.

ಇದನ್ನು ಓದುತ್ತಿರುವ ಅಕ್ಕ, ಅಣ್ಣ, ಮೇಷ್ಟ್ರೇ, ಈಗ ಎದ್ದು ಹೋಗಿ ನಿಮ್ಮ ಮಕ್ಕಳ ಬೆರಳ ಸಂದಿ ನೋಡಿ. ನಿಮ್ಮದೂ ನೋಡಿಕೊಳ್ಳಿ. ಗುಳ್ಳೆ ಕಂಡರೆ, ಮೈ ಬೆಚ್ಚಗಾದಾಗ ತುರಿಕೆ ಹೆಚ್ಚಿದರೆ, ಬಚ್ಚಿಡಬೇಡಿ, ಆರೋಗ್ಯ ಕೇಂದ್ರಕ್ಕೆ ಹೋಗಿ. ಸೀಮೆಎಣ್ಣೆ, ಹೊಲದ ವಿಷ ಮುಟ್ಟಲೇಬೇಡಿ. ಮನೆಯವರೆಲ್ಲ ಒಂದೇ ದಿನ ಔಷಧಿ ಹಚ್ಚಿ, ವಾರದ ಮೇಲೆ ಮತ್ತೊಮ್ಮೆ ಹಚ್ಚಿ, ಹೊದಿಕೆ ಬಟ್ಟೆ ಒಗೆದು ಒಣಗಿಸಿ. ಗಾಯ ಕೀವಾದರೆ ತಡಮಾಡಬೇಡಿ. ಮುಖ ಊದಿಕೊಂಡರೆ, ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ, ಅದೇ ಗಳಿಗೆ ಆಸ್ಪತ್ರೆಗೆ ಓಡಿ. ಔಷಧಿ ಹಚ್ಚಿಕೊಂಡ ಮಗು ಮರುದಿನವೇ ಶಾಲೆಗೆ ಹೋಗಬಹುದು, ಎಲ್ಲರ ಪಕ್ಕ ಕೂರಬಹುದು.

ಕಜ್ಜಿ ಯಾರ ಮನೆಯಿಂದ ಬಂತು ಎಂದು ಹುಡುಕುತ್ತ ಕೂರಬೇಡಿ. ಹುಡುಕಿ ಮುಗಿಯುವಷ್ಟರಲ್ಲಿ ಅದು ನಿಮ್ಮ ಮನೆಯಲ್ಲಿರುತ್ತದೆ. ಹುಳಕ್ಕೆ ಔಷಧಿ ಇದೆ. ಹೊರಗೆ ಕೂರಿಸಿದ ಮಗುವಿನ ಮನಸ್ಸಿಗೆ ಹಚ್ಚುವ ಔಷಧಿ ಯಾವ ಬಾಟಲಿಯಲ್ಲೂ ಇಲ್ಲ.